ಆರು ವ್ಯಾಟ್

ಹ್ಸಿಂಚುವಿನಲ್ಲಿ ಯಾರೂ ಬಾಗಿಲನ್ನು ನಿಧಾನ ಮುಚ್ಚುವುದಿಲ್ಲ.
ಅಕ್ಟೋಬರ್ ಬಂತೆಂದರೆ ಸಮುದ್ರದ ಕಡೆಯಿಂದ ಗಾಳಿ,
ತಿಂಗಳುಗಟ್ಟಲೆ, ಒಂದು ದಿನ ರಜೆ ಹಾಕದೆ.
ಅಕ್ಕಿ ಶ್ಯಾವಿಗೆಯವರು ಬಿದಿರ ತಟ್ಟಿಗಳನ್ನು ಓರೆ ನಿಲ್ಲಿಸಿ
ಎಳೆ ಎಳೆಯಾಗಿ ಆರಲು ಬಿಡುತ್ತಾರೆ.
ಉಳಿದವರು ಒಳಗೆ ನುಸುಳಿ
ತಟ್ಟನೆ ಕದ ಹಾಕಿಕೊಳ್ಳುತ್ತಾರೆ.

ಹೊಸಬರು ಕೆಲಸಕ್ಕೆ ಬಂದಾಗ ನಾನು ಹೇಳುವುದೂ ಅಷ್ಟೇ:
ಇದು ಕರೆಂಟಿಗೊಂದು ಬಾಗಿಲು.
ತೆರೆ, ಮುಚ್ಚು, ತೆರೆ, ಮುಚ್ಚು,
ಸೆಕೆಂಡಿಗೆ ಹತ್ತು ಲಕ್ಷ ಸಲ.
ಪೂರ್ತಿ ತೆರೆದರೆ ನಷ್ಟ ಅಲ್ಪ, ಪೂರ್ತಿ ಮುಚ್ಚಿದರೆ ಇಲ್ಲವೆನ್ನುವಷ್ಟು;
ಸೋರುವುದು ಅರೆತೆರೆದ ಆ ಗಳಿಗೆಯಲ್ಲಿ.
ಸೋರಿದ್ದೆಲ್ಲ ಬಿಸಿ.
ಸಿಲಿಕಾನ್ ಒಳ್ಳೆಯ ಬಾಗಿಲೇ, ಸ್ವಲ್ಪ ಭಾರ, ತಿರುಗಣಿ ಹಳೆಯದು.
ನಮ್ಮದು ಗ್ಯಾಲಿಯಂ ನೈಟ್ರೈಡ್.
ಗ್ಯಾಲಿಯಂ ಒಂದನ್ನೇ ಅಂಗೈಯಲ್ಲಿಟ್ಟರೆ
ಬೆಣ್ಣೆಯ ಹಾಗೆ ಕರಗುತ್ತದೆ;
ನೈಟ್ರೋಜನ್ ಕೈ ಹಿಡಿಯಿತೋ,
ಕುಲುಮೆಗೂ ಜಗ್ಗುವುದಿಲ್ಲ.

ಹೇಳಲು ಸುಲಭ. ಮೊದಲ ಮೂರು ವರ್ಷ
ನಾವು ತಯಾರಿಸಿದ್ದು ಬಿರುಕುಗಳನ್ನು ಮಾತ್ರ.
ಸಾವಿರ ಡಿಗ್ರಿಯಲ್ಲಿ, ಸಿಲಿಕಾನಿನ ಬಿಲ್ಲೆಯ ಮೇಲೆ
ಪದರ ಪದರವಾಗಿ ಬೆಳೆದ ಹರಳು
ಹೊರಗೆ ಬಂದು ಆರುವಾಗ
ಮೇಲಿನದು ಹೆಚ್ಚು ಕುಗ್ಗಿ, ಕೆಳಗಿನದು ಕಡಿಮೆ ಕುಗ್ಗಿ
ಟಿಕ್ ಎನ್ನುತ್ತಿತ್ತು.
ಪೆಂಗ್ ಯುವಾನ್-ತಾಂಗ್ ಆ ಸದ್ದಿಗೆ ನಿದ್ದೆಯಲ್ಲೂ ಬೆಚ್ಚಿ ಏಳುತ್ತಿದ್ದ;
ಹೆಂಡತಿ ಎದ್ದು ಕಿಟಕಿ ಗಾಜು ತಡವಿ ನೋಡುತ್ತಿದ್ದಳಂತೆ.
ಕಡೆಗೆ ನಡುವೆ ಹನ್ನೊಂದು ತೆಳು ಪದರ ಹಾಕಿದೆವು,
ಮುನಿದ ಬೀಗರ ನಡುವೆ ಕೂತ ಹಿರಿಯರು
ಅವರ ಮಾತನ್ನು ಇವರಿಗೆ ಅಷ್ಟಷ್ಟೇ ದಾಟಿಸುವ ಹಾಗೆ.
ಬಿಲ್ಲೆ ಸೀಳಲಿಲ್ಲ.
ಪೆಂಗ್ ಕಾರಿಡಾರಿನ ನೆಲದ ಮೇಲೆ ಕೂತು
ಒಂದು ಕಿತ್ತಳೆ ಸುಲಿದು ತಿಂದ. ಯಾರಿಗೂ ಕೊಡಲಿಲ್ಲ.

ನನ್ನ ಕೆಲಸ ಕೊಲ್ಲುವುದು.
ಕಾಯಿಸಿ, ಹಬೆಯಲ್ಲಿ ನೆನೆಸಿ, ಮಿತಿ ಮೀರಿದ ವೋಲ್ಟೇಜ್ ಕೊಟ್ಟು
ಯಾವುದು ಎಷ್ಟನೆಯ ಗಂಟೆಗೆ ಸತ್ತಿತೆಂದು ಬರೆದಿಡುವುದು.
ಸಾವಿರ ಗಂಟೆ ದಾಟಿ ಉಳಿದದ್ದು ಕೈಗೆ ಬಂದರೆ
ಯಾರಿಗೂ ಕೇಳದಂತೆ ಹರಸುತ್ತೇನೆ:
ಹೊಟ್ಟೆ ತಣ್ಣಗಿರಲಿ.

ಈ ಸಲ ಚಳಿಗೆ ಮೊದಲೇ
ಗೇಟಿನ ಕಾವಲು ಕೋಣೆಯ ಹಳೆ ಪೆಟ್ಟಿಗೆ ತೆಗೆಸಿದರು.
ಕ್ಯಾಮೆರಾ, ದೀಪ, ರೇಡಿಯೋ ಎಲ್ಲಕ್ಕೂ
ಕರೆಂಟು ಬದಲಿಸಿ ಬಡಿಸುತ್ತಿದ್ದ ಇಟ್ಟಿಗೆ ಗಾತ್ರದ್ದು.
ಆ ಜಾಗದಲ್ಲಿ ನಮ್ಮದು, ಸವೆದ ಸೋಪಿನಷ್ಟು,
ಬಂದ ಗಿರಾಕಿಗಳು ಮುಟ್ಟಿ ನೋಡಲಿ ಎಂದು.
ಮುಟ್ಟಿದರು. ತಲೆಯಾಡಿಸಿದರು.

ಮೂರನೆಯ ದಿನ ಕಾವಲಿನ ಲೋ ವೆನ್-ಹ್ಸಿಯುಂಗ್
ನನ್ನ ಸ್ಕೂಟರಿಗೆ ಅಡ್ಡ ನಿಂತ.
'ಬೆಕ್ಕಿಗೆ ನಾನು ಏನು ಹೇಳಲಿ?'
ಕಿವಿ ಹರಿದ ಬೂದು ಬೆಕ್ಕು. ಎಷ್ಟೋ ಚಳಿಗಾಲ
ಹಳೆ ಪೆಟ್ಟಿಗೆಯ ಮೇಲೇ ಸುತ್ತಿಕೊಂಡು ಮಲಗಿದ್ದು.
ಹೊಸದನ್ನು ಮೂಸಿತಂತೆ. ಒಂದು ಪಂಜ ಇಟ್ಟಿತಂತೆ.
ಅವನ ಮುಖ ನೋಡಿ, ಇಳಿದು ಹೋಯಿತಂತೆ.

ತೊಂಬತ್ತೆಂಟು ಪ್ರತಿಶತ, ಎಂದು ಶುರುಮಾಡಿದೆ.
ಗಾಳಿಗೆ ಅವನ ಟೋಪಿ ಹಾರಿತು. ಹಿಡಿದು ತಂದು ಕೊಟ್ಟೆ.
ಮಾತು ಅಲ್ಲಿಗೇ ನಿಂತಿತು.

ಗುಜರಿ ಡಬ್ಬದಿಂದ ಹಳೆಯದನ್ನು ಹೆಕ್ಕಿ ತಂದು
ಅವನ ಮೇಜಿನ ಕೆಳಗೆ ಸಿಕ್ಕಿಸಿದೆ.
ಅದು ಏನನ್ನೂ ನಡೆಸುವುದಿಲ್ಲ;
ಕೂತಲ್ಲೇ ಆರು ವ್ಯಾಟ್ ನುಂಗಿ
ಗೊಣಗುತ್ತ ಬೆಚ್ಚಗಾಗುತ್ತದೆ.
ಹತ್ತು ವರ್ಷ ನಾನು ಬೆನ್ನಟ್ಟಿದ ಶತ್ರು.

ಬೆಕ್ಕು ಬರಲಿಲ್ಲ. ಶ್ಯಾವಿಗೆಯವರ ಹಬೆ ಒಲೆಯ ಹತ್ತಿರ
ಅದನ್ನು ಕಂಡೆನೆಂದು ಪೆಂಗ್ ಹೇಳಿದ.
ರಾತ್ರಿ ಪಾಳಿ ಮುಗಿಸಿ ಹೊರಟಾಗ ನೋಡಿದೆ,
ಕೋಣೆಯ ಗಾಜಿನಾಚೆ ಲೋ ಬಗ್ಗಿ ಕೂತಿದ್ದಾನೆ,
ಪೆಟ್ಟಿಗೆ ಈಗ ತೊಡೆಯ ಮೇಲೆ,
ಎರಡೂ ಅಂಗೈ ಅದರ ಬೆನ್ನಿನ ಮೇಲೆ.
ಅವನು ತಲೆ ಎತ್ತಲಿಲ್ಲ. ನಾನು ಹಾರ್ನ್ ಮಾಡಲಿಲ್ಲ.

ತಿಂಗಳ ಕೊನೆಗೆ ಲೆಕ್ಕ ಕೇಳುತ್ತಾರೆ.
ಗೇಟು: ನಷ್ಟ ಆರು ವ್ಯಾಟ್.
ಕಾರಣ ಎಂಬ ಅಂಕಣದಲ್ಲಿ
ಗಾಳಿ ಎಂದು ಬರೆದೆ.